ಇಂಗ್ಲಿಷ್ ತಪ್ಪಿನ ಬೇರು ಕನ್ನಡ ವ್ಯಾಕರಣದಲ್ಲಿ, ಪರಿಹಾರವೂ ಅಲ್ಲೇ

ತುಮಕೂರು: ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ವ್ಯವಸ್ಥೆ ಜಾರಿಗೆ ಬಂದದ್ದು 2007–08ನೇ ಸಾಲಿನಲ್ಲಿ. ಅಂದು ಶಾಲೆಗೆ ಸೇರಿದ ಮಕ್ಕಳು 2017ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು, ಈಗ ಉದ್ಯೋಗದ ಬಾಗಿಲು ತಟ್ಟುವ ವಯಸ್ಸಿಗೆ ಬಂದಿದ್ದಾರೆ. ಹತ್ತು ವರ್ಷ ಪಾಠ ಕೇಳಿಯೂ ಸಂದರ್ಶನದಲ್ಲಿ ನಾಲ್ಕು ವಾಕ್ಯ ಆಡುವಾಗ ಅವರಲ್ಲಿ ಹಲವರ ನಾಲಿಗೆ ತಡವರಿಸುವುದೇಕೆ?

ತುಮಕೂರಿನ ಹೊರವಲಯದಲ್ಲಿ ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ಕುಣಿಗಲ್‌ನಿಂದ ಬೆಂಗಳೂರಿಗೆ ರಸ್ತೆಯೂ ಇದೆ, ರೈಲೂ ಇದೆ. ಕೆಲಸ ಹತ್ತಿರಕ್ಕೆ ಬಂದಿರುವಾಗ ಭಾಷೆಯ ಅಳುಕಿನಿಂದ ಅರ್ಜಿಯನ್ನೇ ಹಾಕದೆ ಉಳಿಯುವುದು ಸಣ್ಣ ನಷ್ಟವಲ್ಲ.

ಕನ್ನಡಿಗರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಿಗೆ ಒಂದು ಕ್ರಮವಿದೆ. ಅವುಗಳಲ್ಲಿ ಹೆಚ್ಚಿನವು ಕನ್ನಡದ ನಿಯಮವನ್ನು ಇಂಗ್ಲಿಷಿಗೆ ಅನ್ವಯಿಸುವುದರಿಂದ ಹುಟ್ಟುತ್ತವೆ. ಆದ್ದರಿಂದ ತಾಯ್ನುಡಿಯ ರಚನೆಯನ್ನು ಬಲ್ಲವರಿಗೆ ಇಂಗ್ಲಿಷಿನ ತಿದ್ದುಪಡಿ ಸುಲಭವಾಗುತ್ತದೆ.

ಒಂದು ಪ್ರತ್ಯಯ, ಹಲವು ಪದ

ಕನ್ನಡದಲ್ಲಿ ‘ಅಲ್ಲಿ’ ಎಂಬ ಸಪ್ತಮಿ ವಿಭಕ್ತಿ ಪ್ರತ್ಯಯ ಎಲ್ಲ ಸ್ಥಳಗಳಿಗೂ ಸಲ್ಲುತ್ತದೆ. ಗುಬ್ಬಿಯಲ್ಲಿ, ಬಸ್ ನಿಲ್ದಾಣದಲ್ಲಿ, ರೈಲಿನಲ್ಲಿ ಎಂದರೆ ಸಾಕು. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ‘ಇನ್ ಗುಬ್ಬಿ’, ‘ಅಟ್ ದಿ ಬಸ್ ಸ್ಟ್ಯಾಂಡ್’, ‘ಆನ್ ದಿ ಟ್ರೇನ್’ ಆಗುತ್ತವೆ. ಊರು, ನಗರಗಳಿಗೆ ‘ಇನ್’, ಗೊತ್ತಾದ ಒಂದು ತಾಣಕ್ಕೆ ‘ಅಟ್’, ಬಸ್ಸು ಮತ್ತು ರೈಲಿನ ಪ್ರಯಾಣಕ್ಕೆ ‘ಆನ್’ ಎಂಬುದು ಸ್ಥೂಲ ನಿಯಮ.

‘ಇಂದ’ ಪ್ರತ್ಯಯದ ಕಥೆಯೂ ಇದೇ. ‘ಐದು ವರ್ಷದಿಂದ’, ‘2020ರಿಂದ’ ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ. ಹೀಗಾಗಿಯೇ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯ ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಆರಂಭದ ದಿನ ಅಥವಾ ವರ್ಷವನ್ನು ಹೇಳುವಾಗ ಮಾತ್ರ ‘ಸಿನ್ಸ್’; ಅವಧಿಯನ್ನು ಹೇಳುವಾಗ ‘ಫಾರ್’. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂಬುದು ಸರಿಯಾದ ರೂಪ.

ಕನ್ನಡವೇ ಒರೆಗಲ್ಲು

ಕೆಲವೆಡೆ ಕನ್ನಡದ ನಿಯಮವೇ ಇಂಗ್ಲಿಷಿನ ದಾರಿ ತೋರುತ್ತದೆ. ‘ಐ ಡಿಡ್ ನಾಟ್ ವೆಂಟ್’ ಎಂಬ ತಪ್ಪನ್ನೇ ಗಮನಿಸಿ. ಕನ್ನಡದಲ್ಲಿ ‘ಹೋಗಲಿಲ್ಲ’ ಎನ್ನುತ್ತೇವೆಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲ. ಅಂದರೆ ನಿಷೇಧ ರೂಪದಲ್ಲಿ ‘ಹೋಗು’ ಎಂಬ ಮೂಲ ಧಾತುವೇ ಉಳಿಯುತ್ತದೆ. ಇಂಗ್ಲಿಷಿನಲ್ಲಿಯೂ ಭೂತಕಾಲದ ಹೊರೆಯನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ಗೋ’ ಎಂಬ ಮೂಲ ರೂಪವೇ ಸಾಕು: ‘ಐ ಡಿಡ್ ನಾಟ್ ಗೋ’.

‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’, ‘ಐ ಆಮ್ ನೋಯಿಂಗ್ ಕನ್ನಡ’ ಎಂಬ ಬಳಕೆಗಳಿಗೂ ಇದೇ ಪರೀಕ್ಷೆ ಒಡ್ಡಬಹುದು. ‘ನನಗೆ ಇಬ್ಬರು ಅಕ್ಕಂದಿರು ಇರುತ್ತಿದ್ದಾರೆ’ ಎಂದು ಯಾರೂ ಹೇಳರು. ‘ಬೇಕು’, ‘ಗೊತ್ತು’, ‘ಇಷ್ಟ’ ಎಂಬ ಪದಗಳಿಗೆ ‘ಉತ್ತಿದ್ದೇನೆ’ ಸೇರುವುದೇ ಇಲ್ಲ. ಅಂತೆಯೇ ‘ವಾಂಟ್’, ‘ನೋ’, ‘ಲೈಕ್’ ಮತ್ತು ಒಡೆತನ, ಸಂಬಂಧ ಸೂಚಿಸುವ ‘ಹ್ಯಾವ್’ ಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಸೇರಿಸಬಾರದು. ‘ಐ ಆಮ್ ಹ್ಯಾವಿಂಗ್ ಲಂಚ್’ ಮಾತ್ರ ಸರಿ. ಅಲ್ಲಿ ‘ಹ್ಯಾವ್’ ಪದಕ್ಕೆ ಊಟ ಮಾಡುವುದು ಎಂಬ ಅರ್ಥ. ಕನ್ನಡದಲ್ಲಿಯೂ ‘ಊಟ ಮಾಡುತ್ತಿದ್ದೇನೆ’ ಎನ್ನಬಹುದಲ್ಲವೇ?

ಪ್ರಶ್ನೆ ಕೇಳುವಾಗ ಮಾತ್ರ ಈ ಒರೆಗಲ್ಲು ಕೈಕೊಡುತ್ತದೆ. ‘ನೀವು ಎಲ್ಲಿಗೆ ಹೋಗುತ್ತಿದ್ದೀರಿ’ ಎನ್ನುವಾಗ ಕನ್ನಡದ ಕ್ರಿಯಾಪದ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಅದೇ ಅಭ್ಯಾಸದಿಂದ ‘ವೇರ್ ಯು ಆರ್ ಗೋಯಿಂಗ್’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬರಬೇಕು: ‘ವೇರ್ ಆರ್ ಯು ಗೋಯಿಂಗ್’.

ಪರಿಚಿತ ಪದಗಳ ಬಗ್ಗೆ ಎಚ್ಚರ

ಪದಸಂಪತ್ತಿನ ವಿಷಯದಲ್ಲಿ ತೊಡಕು ತರುವುದು ಕಠಿಣ ಪದಗಳಿಗಿಂತ ಹೆಚ್ಚಾಗಿ ಪರಿಚಿತ ಪದಗಳು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವ ಜಾಗ ನಮಗೆ ‘ಹೋಟೆಲ್’. ಹೊರದೇಶದವರಿಗೆ ಆ ಪದ ತಂಗುವ ಸ್ಥಳವನ್ನು ಸೂಚಿಸುತ್ತದೆ. ತಿನ್ನುವ ಜಾಗ ‘ರೆಸ್ಟೋರೆಂಟ್’. ನಾವು ಪ್ರಶ್ನೆಗೆ ‘ಡೌಟ್’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ಅನುಮಾನ. ಮನೆಯ ಹಿಂಭಾಗಕ್ಕೆ ‘ಬ್ಯಾಕ್ ಸೈಡ್’ ಎಂದರೆ ಕೇಳಿದವರು ನಕ್ಕಾರು. ‘ಬಿಹೈಂಡ್ ದಿ ಹೌಸ್’ ಎನ್ನುವುದು ಲೇಸು. ಆದರೆ ಭಾರತೀಯರ ಬಳಕೆಯೆಲ್ಲವೂ ತಪ್ಪೆಂದು ಭಾವಿಸಬೇಕಿಲ್ಲ. ನಮ್ಮ ಕಚೇರಿಗಳ ‘ಪ್ರಿಪೋನ್’ ಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಸ್ಥಾನ ದೊರೆತಿದೆ.

ಹೊಸ ಪದವನ್ನು ಒಂಟಿಯಾಗಿ ಉರು ಹೊಡೆಯುವುದಕ್ಕಿಂತ ಅದರ ಜೊತೆಗಾರ ಪದದೊಂದಿಗೆ ಕಲಿಯುವುದು ಉತ್ತಮ. ಕನ್ನಡದ ‘ಮಾಡು’ ಎಲ್ಲದಕ್ಕೂ ಹೊಂದುತ್ತದೆ. ಇಂಗ್ಲಿಷಿನಲ್ಲಿ ತಪ್ಪು ಮಾಡುವುದು ‘ಮೇಕ್ ಎ ಮಿಸ್ಟೇಕ್’, ಮನೆಪಾಠ ಮಾಡುವುದು ‘ಡೂ ಹೋಂವರ್ಕ್’, ನಿರ್ಧಾರ ಮಾಡುವುದು ‘ಟೇಕ್ ಎ ಡಿಸಿಷನ್’ ಅಥವಾ ‘ಮೇಕ್ ಎ ಡಿಸಿಷನ್’.

ಜಿಲ್ಲೆಯ ಹಳೆಯ ನಂಟು

ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆಯೂರಿತ್ತು. ಆ ಮಿಷನ್ನಿನ ಥಾಮಸ್ ಹಾಡ್ಸನ್ ಇಂಗ್ಲಿಷ್ ಬಲ್ಲವರಿಗಾಗಿ ರಚಿಸಿದ ಕನ್ನಡ ವ್ಯಾಕರಣ 1859ರಲ್ಲಿ ಪ್ರಕಟವಾಯಿತು. ಅವರು ನಡೆದ ದಾರಿಯಲ್ಲೇ ಎದುರು ದಿಕ್ಕಿನಿಂದ ಇಂದಿನ ಕಲಿಕೆದಾರ ನಡೆಯಬೇಕಿದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ‘ಇಂಗ್ಲಿಷ್ ಗೀತಗಳು’ ಮೂಲಕ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದವರೂ ಅವರೇ.

ದಿನಕ್ಕೆ ಐದು ವಾಕ್ಯ

ದುಬಾರಿ ಕೋರ್ಸುಗಳಿಗೆ ಸೇರುವ ಮುನ್ನ ಒಂದು ನೋಟ್‌ಬುಕ್ ಸಾಕು. ದಿನದಲ್ಲಿ ತಾವೇ ಆಡಿದ ಐದು ಕನ್ನಡ ವಾಕ್ಯಗಳನ್ನು ಎಡಪುಟದಲ್ಲಿ ಬರೆದು, ಬಲಪುಟದಲ್ಲಿ ಇಂಗ್ಲಿಷಿಗೆ ತರಬೇಕು. ವಿಭಕ್ತಿ ಪ್ರತ್ಯಯಗಳ ಕೆಳಗೆ ಗೆರೆ ಎಳೆದು, ಇಂಗ್ಲಿಷಿನಲ್ಲಿ ಅದಕ್ಕೆ ಯಾವ ಪದ ಬಂದಿದೆಯೆಂದು ನೋಡಬೇಕು. ಬಲ್ಲವರಿಂದ ತಿದ್ದಿಸಿಕೊಂಡ ವಾಕ್ಯವನ್ನು ಮರುದಿನ ಗಟ್ಟಿಯಾಗಿ ಓದಬೇಕು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದೇ ನಾಲ್ಕೈದು ತಪ್ಪುಗಳು ಮತ್ತೆ ಮತ್ತೆ ಮರುಕಳಿಸುವುದು ಕಣ್ಣಿಗೆ ಬೀಳುತ್ತದೆ. ಇಡೀ ವ್ಯಾಕರಣ ಪುಸ್ತಕಕ್ಕಿಂತ ಮೊದಲು ತಿದ್ದಿಕೊಳ್ಳಬೇಕಾದದ್ದು ಆ ನಾಲ್ಕೈದನ್ನು.