ಮನೆಯಂಗಳದ ಈಜುಕೊಳ: ನೀರಿನ ಲೆಕ್ಕ ಮೊದಲು, ಹಣದ ಲೆಕ್ಕ ಆಮೇಲೆ

ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಲು ಹೊರಟವರು ಸಾಮಾನ್ಯವಾಗಿ ಗುತ್ತಿಗೆದಾರರನ್ನು ಮೊದಲು ಕೇಳುವುದು ಒಟ್ಟು ಎಷ್ಟು ಲಕ್ಷ ತಗಲುತ್ತದೆ ಎಂದು. ಬೆಂಗಳೂರಿನಂಥ ಊರಿನಲ್ಲಾದರೋ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಕೊಳಕ್ಕೆ ಎಷ್ಟು ನೀರು ಬೇಕು, ಅದು ಎಲ್ಲಿಂದ ಬರುತ್ತದೆ ಎಂಬ ವಿಷಯ. 2024ರ ಮಾರ್ಚ್‌ನಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಅಂಥ ಬೇಸಿಗೆ ಮತ್ತೆ ಬರಬಹುದೆಂದು ಎಣಿಸಿಯೇ ಕೊಳದ ಯೋಜನೆ ರೂಪುಗೊಳ್ಳುವುದು ನೆರೆಹೊರೆಯವರ ದೃಷ್ಟಿಯಿಂದಲೂ ನ್ಯಾಯವಾದದ್ದು.

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳವು 40 ಘನ ಮೀಟರ್, ಅಂದರೆ 40,000 ಲೀಟರ್ ನೀರು ಹಿಡಿಯುತ್ತದೆ. ಇದು 8,000 ಲೀಟರಿನ ಸಂಪನ್ನು ಐದು ಸಲ ತುಂಬಿಸುವಷ್ಟು ನೀರು, 6,000 ಲೀಟರಿನ ಟ್ಯಾಂಕರ್‌ಗಳಲ್ಲಿ ತರಿಸಿದರೆ ಸುಮಾರು ಏಳು ಲೋಡು. ಅಳತೆಯನ್ನು 6 ಮೀಟರ್, 3 ಮೀಟರ್ ಮತ್ತು 1.2 ಮೀಟರ್ ಆಳಕ್ಕೆ ಇಳಿಸಿದರೆ ನೀರು 21,600 ಲೀಟರಿಗೆ ಇಳಿಯುತ್ತದೆ, ಅದರೊಡನೆ ಕಾಂಕ್ರೀಟು, ಟೈಲು, ಪಂಪಿನ ಗಾತ್ರ ಮತ್ತು ಔಷಧಿಯ ಖರ್ಚೂ ತಗ್ಗುತ್ತದೆ. ವೆಚ್ಚವನ್ನು ಹಿಡಿತದಲ್ಲಿಡಲು ಇರುವ ಅತ್ಯಂತ ಪರಿಣಾಮಕಾರಿ ಉಪಾಯ ಅಳತೆಯನ್ನು ಕಾಗದದ ಮೇಲೆಯೇ ಕುಗ್ಗಿಸುವುದು.

ಸರಿಯಾಗಿ ಶುದ್ಧೀಕರಿಸಿದ ಕೊಳವನ್ನು ಪದೇ ಪದೇ ಖಾಲಿ ಮಾಡಬೇಕಾಗಿಲ್ಲವಾದರೂ ಬಿಸಿಲಿಗೆ ಆರಿಹೋಗುವ ನೀರನ್ನು ತುಂಬುತ್ತಲೇ ಇರಬೇಕಾಗುತ್ತದೆ. 32 ಚದರ ಮೀಟರಿನ ನೀರಿನ ಮೈಯಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ತಿಂಗಳಿಗೆ 4,800 ಲೀಟರ್ ಹೋಗುತ್ತದೆ. ಈಜದ ಹೊತ್ತಿನಲ್ಲಿ ಹಾಸುವ ಹೊದಿಕೆ ಈ ನಷ್ಟವನ್ನು ಬಹುಮಟ್ಟಿಗೆ ತಡೆಯುವುದರಿಂದ ಅದನ್ನು ಅಲಂಕಾರವೆಂದು ಬಗೆಯದೆ ಅಗತ್ಯವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುವುದರಿಂದ 140 ಚದರ ಮೀಟರಿನ ತಾರಸಿಯ ಮೇಲೆ ಬಿದ್ದದ್ದರಲ್ಲಿ ಐದನೆಯ ಒಂದು ಪಾಲು ಪೋಲಾದರೂ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ದಕ್ಕುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅಗೆದು ಕಟ್ಟಿ, ಮಳೆಗಾಲದಲ್ಲಿ ಸೋಸಿದ ತಾರಸಿ ನೀರಿನಿಂದಲೇ ಕೊಳ ತುಂಬಿಸುವಂತೆ ಕೆಲಸದ ವೇಳಾಪಟ್ಟಿ ಹಾಕಿಕೊಳ್ಳುವುದು ಲೇಸು.

ಕಟ್ಟಡದ ಭಾಗದಲ್ಲಿ ಎರಡು ದಾರಿಗಳಿವೆ: ಸ್ಥಳದಲ್ಲೇ ಕಬ್ಬಿಣ ಕಟ್ಟಿ ಕಾಂಕ್ರೀಟು ಸುರಿಯುವ ಆರ್‌ಸಿಸಿ ಕೊಳ, ಮತ್ತು ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದಿಳಿಸುವ ಫೈಬರ್‌ಗ್ಲಾಸ್ ತೊಟ್ಟಿ. ಎರಡನೆಯದು ಬೇಗ ಮುಗಿಯುತ್ತದೆ, ಆದರೆ ಅದನ್ನು ಇಳಿಸಲು ಕ್ರೇನ್ ಬರುವಷ್ಟು ದಾರಿ ಬೇಕಾದ್ದರಿಂದ ಇಕ್ಕಟ್ಟಿನ ಬಡಾವಣೆಗಳಲ್ಲಿ ಆ ಮಾತೇ ಏಳುವುದಿಲ್ಲ. ಆರ್‌ಸಿಸಿ ಕೊಳದ ಆಯುಷ್ಯ ನಿಂತಿರುವುದು ವಾಟರ್‌ಪ್ರೂಫಿಂಗ್ ಮೇಲೆ, ಅಂದರೆ ನೀರು ಜಿನುಗದಂತೆ ಗೋಡೆ ಮತ್ತು ತಳಕ್ಕೆ ಬಳಿಯುವ ಲೇಪನದ ಮೇಲೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೊಹೆಂಜೊದಾರೊದ ಮಹಾ ಸ್ನಾನಗೃಹವನ್ನು ಕಟ್ಟಿದವರು ಇಟ್ಟಿಗೆಯ ಹಿಂದೆ ಡಾಂಬರಿನಂಥ ರಾಳದ ಪದರ ಹಾಕಿದ್ದು ಇದೇ ಕಾರಣಕ್ಕೆ. ಟೈಲು ಅಂಟಿಸುವ ಮುನ್ನ ಕೊಳಕ್ಕೆ ನೀರು ಕಟ್ಟಿ, ಗೋಡೆಯ ಮೇಲೆ ಮಟ್ಟದ ಗುರುತು ಹಾಕಿ, ಒಂದು ವಾರ ನೋಡುವ ಪರೀಕ್ಷೆಯನ್ನು ಕರಾರಿನಲ್ಲಿ ಬರೆಸಿ, ಅದು ಮುಗಿಯುವವರೆಗೆ ದೊಡ್ಡ ಕಂತನ್ನು ತಡೆಹಿಡಿಯಬೇಕು. ಟೈಲು ಕೂತ ಮೇಲೆ ಸೋರಿಕೆ ಹುಡುಕಲು ಮಾಡಿದ್ದನ್ನೆಲ್ಲ ಒಡೆಯಬೇಕಾಗುತ್ತದೆ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳಲ್ಲಿ ಮಳೆಗಾಲದ ಅಂತರ್ಜಲ ನೆಲದ ಹತ್ತಿರಕ್ಕೇ ಏರುವುದರಿಂದ, ಖಾಲಿ ಬಿಟ್ಟ ಕೊಳವನ್ನು ಅದು ದೋಣಿಯಂತೆ ಮೇಲಕ್ಕೆತ್ತಿ ಬಿರುಕು ಬಿಡಿಸಬಲ್ಲದು. ತಳದಲ್ಲಿ ಒತ್ತಡ ಬಿಡುಗಡೆಯ ವಾಲ್ವ್ ಕೂರಿಸುವುದು ಮತ್ತು ಮಳೆಗಾಲದಲ್ಲಿ ಕೊಳ ಖಾಲಿ ಮಾಡದಿರುವುದು ಅಲ್ಲಿ ಅನಿವಾರ್ಯ.

ಯಂತ್ರಗಳ ವಿಷಯದಲ್ಲಿ ಮೊದಲ ತೀರ್ಮಾನ ನೀರು ಹೊರಹೋಗುವ ಬಗೆಗೆ ಸಂಬಂಧಿಸಿದ್ದು. ಗೋಡೆಯಲ್ಲಿನ ಕಿಂಡಿಯಿಂದ ಮೇಲ್ಮೈಯ ಕಸವನ್ನು ಎಳೆದುಕೊಳ್ಳುವ ಸ್ಕಿಮ್ಮರ್ ಪದ್ಧತಿ ಅಗ್ಗವಾದದ್ದು. ಅಂಚಿನ ಮೇಲೆ ನೀರು ಹರಿಯುವ ಓವರ್‌ಫ್ಲೋ ಪದ್ಧತಿ ಕಣ್ಣಿಗೆ ಸೊಗಸಾದರೂ ಅದಕ್ಕೆ ಸುತ್ತ ಕಾಲುವೆ ಮತ್ತು ಹರಿದ ನೀರನ್ನು ಹಿಡಿದಿಡುವ ಬೇರೊಂದು ತೊಟ್ಟಿ ಬೇಕು. ಸಣ್ಣ ಮನೆಗೆ ಸ್ಕಿಮ್ಮರ್ ಧಾರಾಳವಾಗಿ ಸಾಕು. 40,000 ಲೀಟರಿನ ಕೊಳದ ನೀರೆಲ್ಲ 6 ಗಂಟೆಯಲ್ಲಿ ಒಮ್ಮೆ ಮರಳಿನ ಫಿಲ್ಟರ್ ಹಾಯ್ದು ಬರಬೇಕೆಂದರೆ ಪಂಪು ಗಂಟೆಗೆ ಸುಮಾರು 6,700 ಲೀಟರ್ ಸಾಗಿಸಬೇಕು. 0.75 ಕಿಲೋವಾಟ್ ಪಂಪು ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 180 ಯೂನಿಟ್ ವಿದ್ಯುತ್ ಬೇಕು. ಮನೆಯ ಉಳಿದ ಬಳಕೆಯೂ ಸೇರಿ 200 ಯೂನಿಟ್ ದಾಟುವುದು ಖಚಿತವಾದ್ದರಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಲಾಭ ಪಡೆಯುತ್ತಿರುವ ಕುಟುಂಬ ಪೂರ್ಣ ಬಿಲ್ಲು ಕಟ್ಟಬೇಕಾಗುತ್ತದೆ. ಫಿಲ್ಟರಿನ ಮರಳನ್ನು ತಿರುಗುಮುರುಗಾಗಿ ನೀರು ಹಾಯಿಸಿ ತೊಳೆಯುವ ಬ್ಯಾಕ್‌ವಾಶ್‌ಗೂ ನೀರು ಖರ್ಚಾಗುತ್ತದೆ. ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ 7.2ರಿಂದ 7.8ರೊಳಗೆ ಇರುವಂತೆ ನೋಡಿಕೊಳ್ಳುವವರು ಮನೆಯವರೋ ಸಂಬಳದಾಳೋ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಗುತ್ತಿಗೆದಾರರ ಅಂದಾಜುಪಟ್ಟಿಗಳನ್ನು ಹೋಲಿಸುವಾಗ ಕೊನೆಯ ಮೊತ್ತಕ್ಕಿಂತ ಪಟ್ಟಿಯಲ್ಲಿ ಇಲ್ಲದ ಬಾಬುಗಳ ಮೇಲೆ ಕಣ್ಣಿಡಬೇಕು. ಅಗೆದ ಮಣ್ಣಿನ ಸಾಗಣೆ, ಬಂಡೆ ಸಿಕ್ಕರೆ ಒಡೆಸುವ ಖರ್ಚು, ಪಂಪಿನ ಕೋಣೆ, ಪ್ರತ್ಯೇಕ ವಿದ್ಯುತ್ ತಂತಿ ಮತ್ತು ಅರ್ಥಿಂಗ್, ಮೊದಲ ಸಲದ ನೀರು, ಜಿಎಸ್‌ಟಿ ಇವೆಲ್ಲ ಆಮೇಲೆ ಒಂದೊಂದಾಗಿ ತಲೆಯೆತ್ತುತ್ತವೆ. ಒಟ್ಟು ಮೊತ್ತದ ಶೇ 10ರಿಂದ 15ರಷ್ಟನ್ನು ಇವುಗಳಿಗಾಗಿ ಬದಿಗಿಡುವುದು ವಿವೇಕ. ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದು ಬೇಲಿ. ಕಣ್ಣು ತಪ್ಪಿದ ಒಂದೆರಡು ನಿಮಿಷದಲ್ಲಿ ಎಳೆಯ ಮಗು ಸದ್ದಿಲ್ಲದೆ ಮುಳುಗಬಹುದಾದ್ದರಿಂದ ಆಸ್ಟ್ರೇಲಿಯಾದಲ್ಲಿ ಮನೆಯ ಕೊಳಕ್ಕೆ ಕನಿಷ್ಠ 1.2 ಮೀಟರ್ ಎತ್ತರದ ಬೇಲಿಯನ್ನೂ ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನೂ ಕಾನೂನು ಕಡ್ಡಾಯಗೊಳಿಸಿದೆ. ತಳದ ಒಂದೇ ತೂಬಿನಿಂದ ಪಂಪು ನೀರೆಳೆಯುತ್ತಿದ್ದರೆ ಮಗುವಿನ ಕೂದಲೋ ಮೈಯೋ ಅದಕ್ಕೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಪರಸ್ಪರ ದೂರದಲ್ಲಿ ಎರಡು ತೂಬುಗಳು ಮತ್ತು ಉಬ್ಬಿದ ಜಾಲರಿ ಮುಚ್ಚಳಗಳೂ ಇರಬೇಕು. ಇವು ಪಟ್ಟಿಯಲ್ಲಿ ಇಲ್ಲದಿದ್ದರೆ ಗಾಜಿನ ಮೊಸಾಯಿಕ್, ನೀರೊಳಗಿನ ಬಣ್ಣದ ದೀಪಗಳನ್ನು ಕೈಬಿಟ್ಟಾದರೂ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಬೇಕು.