ಕಂಟೇನರ್ ಶೆಡ್ಡಿನ ಬಣ್ಣ ಮತ್ತು ವಿನ್ಯಾಸ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಸ್ಥಳದ ಕೊರತೆ ಮತ್ತು ಬಂಡವಾಳದ ಕೊರತೆ ಸಣ್ಣ ಉದ್ದಿಮೆಯನ್ನು ಒಟ್ಟಿಗೇ ಕಾಡುವ ಸಮಸ್ಯೆಗಳು. ಕಾಂಕ್ರೀಟ್ ಗೋದಾಮು ಕಟ್ಟಲು ಹಣವೂ ಬೇಕು, ಕಾಲವೂ ಬೇಕು. ಹೀಗಾಗಿ ಹಡಗು ಸಾಗಣೆಯಿಂದ ಹೊರಬಂದ ಎರಡು ಹಳೆಯ ಕಂಟೇನರುಗಳನ್ನು ಅಂಗಳದಲ್ಲಿ ಎದುರುಬದುರಾಗಿ ಇರಿಸಿ, ನಡುವಿನ ಜಾಗಕ್ಕೆ ಉಕ್ಕಿನ ಚೌಕಟ್ಟು ಕೂರಿಸಿ, ಅದರ ಮೇಲೆ ಪಿವಿಸಿ ಲೇಪಿತ ಬಟ್ಟೆಯನ್ನು ಬಿಗಿದು ನಿರ್ಮಿಸುವ ಶೆಡ್ಡು ಅನೇಕರಿಗೆ ಸೂಕ್ತವೆನಿಸುತ್ತದೆ. ಎರಡು ಬದಿಯ ಕಂಟೇನರುಗಳು ಬೀಗ ಹಾಕಬಹುದಾದ ಉಗ್ರಾಣಗಳಾಗುತ್ತವೆ. ನಡುವಿನ ಜಾಗ ಕೆಲಸದ ಅಂಗಳವಾಗುತ್ತದೆ.

ಇಂತಹ ಶೆಡ್ಡಿಗೆ ಕೊಟೇಶನ್ ತರಿಸುವಾಗ ಚೌಕಾಸಿ ನಡೆಯುವುದು ಚದರಡಿಯ ದರದ ಬಗ್ಗೆ ಮಾತ್ರ. ಬಣ್ಣ ಯಾವುದು ಎಂಬ ಪ್ರಶ್ನೆಗೆ 'ನಮ್ಮ ಬೋರ್ಡಿನ ಬಣ್ಣವೇ ಇರಲಿ' ಎಂದೋ, 'ನಿಮ್ಮಲ್ಲಿರುವುದನ್ನೇ ಹಾಕಿ' ಎಂದೋ ಉತ್ತರ ಬರುತ್ತದೆ. ವಾಸ್ತವದಲ್ಲಿ ಮಾಲಿನ ಸುರಕ್ಷತೆ, ವಿದ್ಯುತ್ ಬಿಲ್ಲು, ಹೊದಿಕೆಯ ಬಾಳಿಕೆ, ವಿಮೆಯ ಪರಿಹಾರ, ತೆರಿಗೆಯ ಕ್ರೆಡಿಟ್ ಇವೆಲ್ಲವೂ ಬಣ್ಣ ಮತ್ತು ವಿನ್ಯಾಸಗಳನ್ನೇ ಬಹುಮಟ್ಟಿಗೆ ಅವಲಂಬಿಸಿವೆ. ಇವು ಅಲಂಕಾರದ ವಿಷಯವಲ್ಲ, ಲಾಭ-ನಷ್ಟದ ವಿಷಯ.

ಬಿಸಿಲು ಮತ್ತು ಬಣ್ಣ

ಶುಭ್ರ ಆಕಾಶದ ನಡುಹಗಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1 ಕಿಲೋವ್ಯಾಟ್ ಸೌರಶಕ್ತಿ ಬೀಳುತ್ತದೆ. 20 ಅಡಿಯ ಕಂಟೇನರಿನ ಉದ್ದ 6.06 ಮೀಟರ್. ಅಂತಹ ಎರಡರ ನಡುವೆ 6 ಮೀಟರ್ ಅಂತರವಿದ್ದರೆ ಚಾವಣಿಯ ವಿಸ್ತಾರ ಸುಮಾರು 36 ಚದರ ಮೀಟರ್. ಅದರ ಮೇಲೆ ಬೀಳುವ ಶಕ್ತಿ ಸುಮಾರು 36 ಕಿಲೋವ್ಯಾಟ್. ಹೊಸ ಬಿಳಿ ಹೊದಿಕೆ ಇದರ ಬಹುಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಕಡುನೀಲಿ, ಕಡುಹಸಿರು, ಕಂದು ಬಣ್ಣಗಳು ಬಹುಪಾಲನ್ನು ಹೀರಿಕೊಂಡು ತಾವು ಕಾದು, ಕೆಳಗಿರುವ ಜನರ ಮತ್ತು ಮಾಲಿನ ಮೇಲೆ ಶಾಖ ಸೂಸುತ್ತವೆ.

ಅಂಟು, ಬಣ್ಣ, ರಬ್ಬರ್, ಖಾದ್ಯತೈಲ ಮುಂತಾದ ಶಾಖಕ್ಕೆ ಕೆಡುವ ಸರಕನ್ನು ಇಡುವವರು ಬಿಳಿ ಅಥವಾ ತಿಳಿಬೂದು ಬಣ್ಣವನ್ನು ಬಿಟ್ಟು ಬೇರೆ ಯೋಚಿಸುವುದು ಸರಿಯಲ್ಲ. ಕಂಟೇನರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ಸಾಮಾನ್ಯವಾಗಿ ಕಂದು ಅಥವಾ ನೀಲಿ ಬಣ್ಣದಲ್ಲಿ ಬರುತ್ತವೆ. ತುಕ್ಕು ಕೆರೆದು, ಪ್ರೈಮರ್ ಬಳಿದು, ಮೇಲ್ಭಾಗಕ್ಕಾದರೂ ಬಿಳಿ ಬಣ್ಣ ಹೊಡೆಸುವ ಖರ್ಚು ಹೆಚ್ಚಲ್ಲ. ಹಗಲು ಕಾದ ಉಕ್ಕು ರಾತ್ರಿ ತಣಿದಾಗ ಒಳಗಿನ ತೇವಾಂಶ ಚಾವಣಿಯಲ್ಲಿ ಹನಿಗಟ್ಟಿ ಮಾಲಿನ ಮೇಲೆ ತೊಟ್ಟಿಕ್ಕುತ್ತದೆ. ಸಾಗಣೆದಾರರು ಇದನ್ನು 'ಕಂಟೇನರ್ ಮಳೆ' ಎನ್ನುತ್ತಾರೆ. ಗಾಳಿಕಿಂಡಿ ಮತ್ತು ನೆಲಕ್ಕೆ ಮರದ ಪ್ಯಾಲೆಟ್ ಇಲ್ಲದಿದ್ದರೆ ಬಣ್ಣವೊಂದೇ ಇದನ್ನು ತಡೆಯಲಾರದು.

ಬೆಳಕಿನ ಬಣ್ಣ, ಮಾಲಿನ ಬೆಲೆ

ಬಿಳಿಯ ಅರೆಪಾರದರ್ಶಕ ಬಟ್ಟೆಯ ಕೆಳಗೆ ಹಗಲಿನಲ್ಲಿ ದೀಪವಿಲ್ಲದೆ ಕೆಲಸ ಮಾಡಬಹುದು. ಬಣ್ಣದ ಅರೆಪಾರದರ್ಶಕ ಬಟ್ಟೆಯಾದರೋ ಒಳಗಿನ ಬೆಳಕಿಗೆ ತನ್ನ ಛಾಯೆಯನ್ನು ಬೆರೆಸುತ್ತದೆ. ಮಾಲನ್ನು ಕಣ್ಣಿನಿಂದಲೇ ವಿಂಗಡಿಸುವ ವ್ಯಾಪಾರದಲ್ಲಿ ಇದು ಸಣ್ಣ ದೋಷವಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದೇ ಅದರ ಕಡುಗೆಂಪು ಬಣ್ಣದ ಮೇಲೆ. ನೀಲಿ ಹೊದಿಕೆಯ ಕೆಳಗೆ ಒಳ್ಳೆಯ ಕಾಯಿಯೂ ಕಪ್ಪಡರಿದಂತೆ ಕಾಣುತ್ತದೆ. ಕಿತ್ತಳೆ ಹೊದಿಕೆಯ ಕೆಳಗೆ ಮಂಕಾದ ಕಾಯಿಯೂ ಮಿಂಚುತ್ತದೆ. ಮೊದಲನೆಯದರಲ್ಲಿ ಮಾರುವವನಿಗೆ ನಷ್ಟ, ಎರಡನೆಯದರಲ್ಲಿ ಕೊಳ್ಳುವವನಿಗೆ ನಷ್ಟ. ಸೀರೆ, ಮುದ್ರಣ, ಪೇಂಟಿಂಗ್ ಕೆಲಸಗಳಲ್ಲಿಯೂ ಇದೇ ತೊಡಕು.

ಆದರೆ ವಿಂಗಡಣೆಗೆ ಬೇಕಾದ ಬೆಳಕೇ ದಾಸ್ತಾನಿಗೆ ಶತ್ರು. ಬೆಳಕಿನಲ್ಲಿ ಬಹುದಿನ ಬಿದ್ದ ಮೆಣಸಿನಕಾಯಿ ಬಣ್ಣಗೆಡುತ್ತದೆ, ಬಟ್ಟೆಯೂ ಮಾಸುತ್ತದೆ. ಈ ವಿರೋಧಕ್ಕೆ ಕಂಟೇನರ್ ಶೆಡ್ಡಿನಲ್ಲಿಯೇ ಪರಿಹಾರವಿದೆ: ವಿಂಗಡಣೆ ನಡುವಿನ ಬಿಳಿ ಹೊದಿಕೆಯ ಕೆಳಗೆ, ದಾಸ್ತಾನು ಕತ್ತಲೆಯ ಕಂಟೇನರಿನ ಒಳಗೆ. ನಡುವಿನ ಜಾಗದಲ್ಲಿಯೇ ಮಾಲು ಪೇರಿಸುವುದಾದರೆ ಬೆಳಕು ತೂರದ ಬಟ್ಟೆಯನ್ನೇ ಕೇಳಬೇಕು. ಅದರ ಹೊರಮೈ ಬಿಳಿಯಾಗಿಯೇ ಇರಲಿ.

ಬಾಳಿಕೆಯ ದೃಷ್ಟಿ

ಎಲ್ಲ ಬಣ್ಣಗಳೂ ಬಿಸಿಲನ್ನು ಸಮನಾಗಿ ತಾಳುವುದಿಲ್ಲ. ಗಾಢ ಕೆಂಪು, ಕಿತ್ತಳೆ ಬಣ್ಣಗಳು ಬೇಗ ಮಂಕಾಗುವುದು ಸಾಮಾನ್ಯ. ಕರಿಬಣ್ಣದ ಕಾರ್ಬನ್ ಅತಿನೇರಳೆ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಶಾಖ ಹೆಚ್ಚು. ಕರಾವಳಿ ಮತ್ತು ಮಲೆನಾಡಿನಲ್ಲಿ ಬಿಳಿ ಹೊದಿಕೆಯ ಮೇಲೆ ಒಂದೆರಡು ಮಳೆಗಾಲದಲ್ಲಿಯೇ ಪಾಚಿಯ ಕಲೆ ಮೂಡುತ್ತದೆ. ಕಲೆ ಹಿಡಿದ ಬಿಳಿ ಬಟ್ಟೆಯ ತಂಪು ಗುಣವೂ ಕುಗ್ಗುತ್ತದೆ. ಅಲ್ಲಿ ತೊಳೆಯಲು ಸುಲಭವಾದ ಅಕ್ರಿಲಿಕ್ ಅಥವಾ ಪಿವಿಡಿಎಫ್ ಮೇಲ್ಲೇಪವನ್ನು ಕೇಳಬೇಕು. ವರ್ಷಕ್ಕೊಮ್ಮೆ ತೊಳೆಸುವ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡುವುದು ಉತ್ತಮ. 40,000 ರೂಪಾಯಿಯ ಹೊದಿಕೆ 4 ವರ್ಷ, 70,000 ರೂಪಾಯಿಯದು 10 ವರ್ಷ ಬರುತ್ತದೆಂದು ಇಟ್ಟುಕೊಂಡರೆ, ಮೊದಲನೆಯದಕ್ಕೆ ವಾರ್ಷಿಕ ವೆಚ್ಚ 10,000 ರೂಪಾಯಿ, ಎರಡನೆಯದಕ್ಕೆ 7,000 ರೂಪಾಯಿ. ಮಾರಾಟಗಾರನ ಮಾತಿಗಿಂತ ಲಿಖಿತ ಖಾತರಿಯಲ್ಲಿರುವ ವರ್ಷಗಳನ್ನು ನಂಬಿ ಈ ಭಾಗಾಕಾರ ಮಾಡತಕ್ಕದ್ದು.

ಸಂಸ್ಥೆಯ ಬಣ್ಣ ಬೇಡವೆಂದಲ್ಲ. ಅದನ್ನು ಕಂಟೇನರಿನ ರಸ್ತೆ ಬದಿಯ ಗೋಡೆಗೋ ಮುಂಭಾಗದ ಪರದೆಗೋ ಕೊಟ್ಟರೆ ಗುರುತೂ ಉಳಿಯುತ್ತದೆ, ತಂಪೂ ಉಳಿಯುತ್ತದೆ. ಪರ್ಚೇಸ್ ಆರ್ಡರಿನಲ್ಲಿ 'ಬೂದು' ಎಂದು ಬರೆದರೆ ಸಾಲದು. ಬಟ್ಟೆಗೆ ರಾಲ್ ಪಟ್ಟಿಯ, ಪೇಂಟಿಗೆ ಐಎಸ್ 5 ಮಾನಕದ ಛಾಯಾಸಂಖ್ಯೆಯನ್ನು ನಮೂದಿಸಿ, ಮಾದರಿ ತುಂಡಿಗೆ ಇಬ್ಬರ ಸಹಿ ಹಾಕಿಸಿ ಇಟ್ಟುಕೊಳ್ಳುವುದು ಕ್ಷೇಮ.

ಆಕಾರ: ಮಳೆ ಮತ್ತು ಗಾಳಿ

ಚಾವಣಿಯ ಆಕಾರಗಳು ಮುಖ್ಯವಾಗಿ ಮೂರು: ಕಮಾನು, ಎರಡು ಇಳಿಜಾರು, ಒಂದು ಇಳಿಜಾರು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. ದಿನವೊಂದಕ್ಕೆ 100 ಮಿ.ಮೀ. ಸುರಿದರೆ 36 ಚದರ ಮೀಟರಿನಿಂದ 3,600 ಲೀಟರ್ ಇಳಿಯಬೇಕು. ಸಡಿಲ ಬಟ್ಟೆಯ 2 ಚದರ ಮೀಟರ್ ತಗ್ಗಿನಲ್ಲಿ 10 ಸೆಂ.ಮೀ. ನೀರು ನಿಂತರೆ 200 ಕೆ.ಜಿ. ಭಾರ. ಆದ್ದರಿಂದ ಮಳೆ ಹೆಚ್ಚಿರುವ ಕಡೆ ಕಡಿದಾದ ಇಳಿಜಾರು, ಬಟ್ಟೆಯನ್ನು ಮತ್ತೆ ಬಿಗಿಗೊಳಿಸುವ ಏರ್ಪಾಟು, ಕಂಟೇನರಿನ ಅಂಚಿನಲ್ಲಿ ದೋಣಿ, ಈ ಮೂರೂ ಅಗತ್ಯ.

ಗಾಳಿಯ ಲೆಕ್ಕ ಇನ್ನೂ ಗಂಭೀರ. ಐಎಸ್ 875 ಮಾನಕದ ಮೂರನೆಯ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್, ಚೆನ್ನೈಗೆ 50 ಮೀಟರ್ ಮೂಲ ಗಾಳಿವೇಗ ನಿಗದಿಯಾಗಿದೆ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಮಂಗಳೂರಿನ ಒತ್ತಡ ಬೆಂಗಳೂರಿನ 1.4 ಪಟ್ಟು, ಚೆನ್ನೈಯದು 2.3 ಪಟ್ಟು. ಸ್ಥೂಲ ಲೆಕ್ಕದಲ್ಲಿ 36 ಚದರ ಮೀಟರಿನ ಚಾವಣಿಯನ್ನು ಮೇಲೆತ್ತುವ ಬಲ ಬೆಂಗಳೂರಿನಲ್ಲಿ 2.4 ಟನ್, ಮಂಗಳೂರಿನಲ್ಲಿ 3.3 ಟನ್ನಿನಷ್ಟಾಗಬಹುದು. 20 ಅಡಿಯ ಎರಡು ಖಾಲಿ ಕಂಟೇನರುಗಳ ಒಟ್ಟು ತೂಕ ಸುಮಾರು 4.4 ಟನ್ ಮಾತ್ರ. ಒಂದು ತುದಿ ಮುಚ್ಚಿ ಇನ್ನೊಂದನ್ನು ಗಾಳಿಯತ್ತ ತೆರೆದಿಟ್ಟರೆ ಬಲ ಮತ್ತೂ ಏರುತ್ತದೆ. ಕರಾವಳಿಯಲ್ಲಿ ತೆರೆದ ಬಾಯಿ ಪಡುವಣಕ್ಕೆ ಇರಕೂಡದು. ಮುಂಗಾರಿಗೆ ಮುನ್ನ ಎರಡೂ ಕಂಟೇನರುಗಳನ್ನು ಖಾಲಿ ಮಾಡಲೂಕೂಡದು. ನಿಖರ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರರ ಸಹಿ ಇರುವ ನಕ್ಷೆಯನ್ನೇ ಪಡೆಯಬೇಕು.

ವಿಮೆ ಮತ್ತು ತೆರಿಗೆ

ಅಗ್ನಿ ವಿಮೆಯ ಪರಿಭಾಷೆಯಲ್ಲಿ ಕ್ಯಾನ್ವಾಸ್, ಟಾರ್ಪಾಲಿನ್, ಪ್ಲಾಸ್ಟಿಕ್ ಬಟ್ಟೆಯ ಚಾವಣಿಯುಳ್ಳ ನಿರ್ಮಾಣ 'ಕಚ್ಚಾ' ವರ್ಗಕ್ಕೆ ಸೇರುತ್ತದೆ. ಪಾಲಿಸಿಯಲ್ಲಿ ಪಕ್ಕಾ ಗೋದಾಮನ್ನು ಮಾತ್ರ ತೋರಿಸಿ, ಮಾಲನ್ನು ಬಟ್ಟೆಯ ಶೆಡ್ಡಿಗೆ ವರ್ಗಾಯಿಸಿದವರು ನಷ್ಟವಾದ ದಿನ ಪರಿಹಾರಕ್ಕಾಗಿ ಪರದಾಡಬೇಕಾದೀತು. ಶೆಡ್ಡು ನಿಲ್ಲಿಸುವ ಮೊದಲೇ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಬೆಂಕಿನಿರೋಧಕ ಬಟ್ಟೆಯ ಪ್ರಮಾಣಪತ್ರದ ಪ್ರತಿ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಸೆಟ್‌ಬ್ಯಾಕ್ ಜಾಗವನ್ನು ಅತಿಕ್ರಮಿಸಿ ಅಗ್ನಿಶಾಮಕ ವಾಹನದ ದಾರಿ ಮುಚ್ಚುವುದಂತೂ ಸಲ್ಲದು.

ಜಿಎಸ್‌ಟಿ ಕಾಯಿದೆಯ 17(5)(ಡಿ) ಕಲಮಿನಂತೆ ಸ್ವಂತಕ್ಕಾಗಿ ಸ್ಥಿರಾಸ್ತಿ ನಿರ್ಮಿಸಲು ಮಾಡಿದ ಖರೀದಿಗೆ ಹೂಡುವಳಿ ತೆರಿಗೆಯ ಕ್ರೆಡಿಟ್ ದೊರೆಯುವುದಿಲ್ಲ. ಆದ್ದರಿಂದ ಶೆಡ್ಡು ಚರವೋ ಸ್ಥಿರವೋ ಎಂಬ ಪ್ರಶ್ನೆ ಏಳುತ್ತದೆ. ಮೊಬೈಲ್ ಗೋಪುರಗಳು ಮತ್ತು ಅವುಗಳ ಸಿದ್ಧ ಶೆಲ್ಟರುಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 20ರಂದು, ಬಿಚ್ಚಿ ಬೇರೆಡೆ ಜೋಡಿಸಬಹುದಾದ ಅವು ಚರ ಸರಕುಗಳೆಂದು ತೀರ್ಪಿತ್ತಿತು. ನೆಲಕ್ಕೆ ಜೋಡಿಸಿದ ರೀತಿ, ಜೋಡಣೆಯ ಉದ್ದೇಶ, ಶಾಶ್ವತತೆ, ಮಾರಲು ಸಾಧ್ಯವೇ ಎಂಬ ಅಂಶಗಳನ್ನು ಅದು ತೂಗಿ ನೋಡಿತು. ಅದು ಹಳೆಯ ಸೆನ್‌ವ್ಯಾಟ್ ನಿಯಮಗಳ ಪ್ರಕರಣವಾದ್ದರಿಂದ ಪ್ರತಿ ಶೆಡ್ಡಿಗೂ ಹಾಗೆಯೇ ಅನ್ವಯಿಸಿಕೊಳ್ಳದೆ ತಜ್ಞರ ಸಲಹೆ ಪಡೆಯುವುದು ಲೇಸು. ಆದರೂ ವಿನ್ಯಾಸದ ಹಂತಕ್ಕೆ ಅದರಿಂದ ಒಂದು ಪಾಠವಿದೆ: ಕಾಂಕ್ರೀಟಿನಲ್ಲಿ ಹೂತ ಕಂಬಕ್ಕಿಂತ ಕಂಟೇನರಿನ ಮೂಲೆಯ ಉಕ್ಕಿನ ಗಟ್ಟಿಗಳಿಗೆ ಬೋಲ್ಟಿನಿಂದ ಬಿಗಿದ ಚೌಕಟ್ಟು ಮೇಲು. ಮೇಲ್ಭಾಗಕ್ಕೆ ರಂಧ್ರ ಕೊರೆಯದಿದ್ದರೆ ಸೋರಿಕೆಯೂ ಇಲ್ಲ, ಮರುಮಾರಾಟದ ಬೆಲೆಯೂ ಇಳಿಯದು. ಕಂಟೇನರ್, ಚೌಕಟ್ಟು, ಹೊದಿಕೆಗಳ ಆಯುಷ್ಯ ಬೇರೆಬೇರೆಯಾದ್ದರಿಂದ ಬಿಲ್ಲಿನಲ್ಲಿಯೂ ಪುಸ್ತಕದಲ್ಲಿಯೂ ಅವನ್ನು ಬೇರೆಬೇರೆಯಾಗಿ ತೋರಿಸುವುದು ವಿಹಿತ.

ಸಂಕ್ಷೇಪವಾಗಿ ಹೇಳುವುದಾದರೆ, ಬಣ್ಣವನ್ನು ಕೆಳಗಿಡುವ ಮಾಲು ನೋಡಿ ಆರಿಸಬೇಕು. ಆಕಾರವನ್ನು ಊರಿನ ಮಳೆ-ಗಾಳಿ ನೋಡಿ ಆರಿಸಬೇಕು. ಜೋಡಣೆಯನ್ನು ವಿಮೆ-ತೆರಿಗೆ ನೋಡಿ ಆರಿಸಬೇಕು. ಚದರಡಿಯ ದರದ ಚೌಕಾಸಿ ಈ ಮೂರೂ ತೀರ್ಮಾನವಾದ ಮೇಲಿನ ಮಾತು.