ನಡುಗುವ ಗೆರೆ, ಏರುವ ದನಿ

ಕೆಫೆಯೊಂದರ ಮೇಜು. ಹುಡುಗಿಯ ಮುಂದೆ ಕಾಫಿ, ಕೈಯಲ್ಲಿ ಬೈಕ್ ರೇಸಿನ ಕಥೆಯ ಕಾಮಿಕ್ಸ್ ಪುಸ್ತಕ. ತಟ್ಟೆ-ಚಮಚಗಳ ಸದ್ದು, ಹಂಚಿನ ಮೇಲೆ ಏನೋ ಹುರಿಯುವ ವಾಸನೆ ಎಲ್ಲವೂ ಅಲ್ಲಿ ಇದ್ದಿರಬೇಕು. ಆದರೆ ಕೀಬೋರ್ಡಿನ ಆ ಚುರುಕಾದ ನಡೆ ಒಂದನ್ನೂ ನಮ್ಮವರೆಗೆ ಬಿಟ್ಟುಕೊಡುವುದಿಲ್ಲ. ನೋಡನೋಡುತ್ತಲೇ ಕಥಾನಾಯಕ ಚೌಕಟ್ಟಿನೊಳಗಿಂದ ಅವಳಿಗೆ ಕಣ್ಣು ಹೊಡೆಯುತ್ತಾನೆ. ಹಾಳೆಯಿಂದ ಪೆನ್ಸಿಲ್ಲಿನ ಕೈಯೊಂದು ಮೇಲೆದ್ದು, ಬರುತ್ತೀಯಾ ಎನ್ನುವಂತೆ ಚಾಚಿಕೊಳ್ಳುತ್ತದೆ. ಅವಳು ಅನುಮಾನಿಸುತ್ತಾಳೆ, ಆಮೇಲೆ ಹಿಡಿಯುತ್ತಾಳೆ.

ನಾರ್ವೆಯ ಆ-ಹಾ ತಂಡದ 'ಟೇಕ್ ಆನ್ ಮಿ' ಹಾಡಿನ ವಿಡಿಯೊ ಇದು. ಪುಸ್ತಕದೊಳಗೆ ಕಾಲಿಟ್ಟವಳ ಜೊತೆ ನಾವೂ ಹೋದರೆ ಮೊದಲು ಕಣ್ಣಿಗೆ ಬೀಳುವುದು ಗೆರೆಗಳ ನಡುಕ. ಕೂದಲು, ಕೊರಳಪಟ್ಟಿ, ಕೆನ್ನೆಯ ನೆರಳು, ಯಾವುದೂ ಒಂದು ಕಡೆ ನಿಲ್ಲುವುದಿಲ್ಲ. ನಟರನ್ನು ಮೊದಲು ಕ್ಯಾಮೆರಾದಲ್ಲಿ ಸೆರೆಹಿಡಿದು, ಆ ದೃಶ್ಯದ ಒಂದೊಂದೇ ಚಿತ್ರವನ್ನು ಕಾಗದದ ಮೇಲೆ ಪೆನ್ಸಿಲ್ಲಿನಿಂದ ತಿದ್ದಿದ ಕೆಲಸವಿದು, ರೋಟೋಸ್ಕೋಪಿಂಗ್ ಎನ್ನುತ್ತಾರೆ. ಒಮ್ಮೆ ಎಳೆದ ಗೆರೆ ಮುಂದಿನ ಹಾಳೆಯಲ್ಲಿ ಕೂದಲೆಳೆಯಷ್ಟಾದರೂ ಪಕ್ಕಕ್ಕೆ ಸರಿದಿರುತ್ತದೆ, ನಡುಕ ಹುಟ್ಟುವುದು ಅಲ್ಲಿಂದ. ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಹೀಗೆ ಬರೆಯುತ್ತಾ ಕೂತು ಮುಗಿಸುವಷ್ಟರಲ್ಲಿ ಸುಮಾರು 3,000 ಚಿತ್ರಗಳಾಗಿದ್ದವು, 16 ವಾರಗಳು ಕಳೆದಿದ್ದವು.

ಹಾಡಿನಲ್ಲೂ ಇಂಥದೇ ಒಂದು ತಳಮಳ. ಗಾಯಕ ಮಾರ್ಟನ್ ಹಾರ್ಕೆಟ್‌ನ ದನಿ ಪಲ್ಲವಿಯನ್ನು ಮಂದ್ರದಲ್ಲಿ ಎತ್ತಿಕೊಂಡು, ಸಾಲಿನಿಂದ ಸಾಲಿಗೆ ಮೇಲೇರಿ, ಎದೆಯ ದನಿಗೆ ಎಟುಕದ ಎತ್ತರದಲ್ಲಿ ಕಳ್ಳದನಿಯಾಗಿ ನಿಲ್ಲುತ್ತದೆ. ಎರಡೂವರೆ ಸ್ಥಾಯಿಯ ಈ ಏರಿನಲ್ಲಿ ಕೇಳುವುದು ಇದ್ದಲ್ಲಿ ಇರಲಾರದ ಒಬ್ಬನ ಒದ್ದಾಟ. ವಿಡಿಯೊದ ಹುಡುಗನಿಗೂ ಹಾಳೆಯಿಂದ ಹೊರಬೀಳಬೇಕು. ಕೊನೆಯಲ್ಲಿ ಅವನು ಓಣಿಯಂಥ ಹಜಾರದಲ್ಲಿ ಗೋಡೆಯಿಂದ ಗೋಡೆಗೆ ಮೈಯನ್ನು ಅಪ್ಪಳಿಸಿಕೊಳ್ಳುತ್ತಾನೆ. ಒಂದು ಏಟಿಗೆ ಗೆರೆ, ಇನ್ನೊಂದಕ್ಕೆ ರಕ್ತಮಾಂಸ. ಹಾಡಿನ ಮಾತುಗಳಲ್ಲಿ ಕೆಫೆಯೂ ಇಲ್ಲ, ಕಾಮಿಕ್ಸೂ ಇಲ್ಲ. ನಿರ್ದೇಶಕ ಸ್ಟೀವ್ ಬ್ಯಾರನ್ ಮಾತನ್ನು ಬಿಟ್ಟು ದನಿಯ ಹಿಂದೆ ಹೋದ.

ಹೋಗದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸಾಕ್ಷಿಯೂ ಉಂಟು. 1984ರಲ್ಲಿ ಇದೇ ಹಾಡು ಬೇರೊಂದು ವಿಡಿಯೊದೊಂದಿಗೆ ಬಂದಿತ್ತು: ಹಿಂದೆ ನೀಲಿ ಪರದೆ, ಮುಂದೆ ಹಾಡುತ್ತಾ ನಿಂತ ತಂಡ. ಅದು ಹೆಚ್ಚು ದೂರ ಹೋಗಲಿಲ್ಲ. ನಿರ್ಮಾಪಕ ಆಲನ್ ಟಾರ್ನಿ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿದ್ದಕ್ಕೂ ಗೆಲುವಿನಲ್ಲಿ ಪಾಲಿದೆ, ನಿಜ. ಆದರೆ ಪೆನ್ಸಿಲ್ ಗೆರೆಗಳು ಟೀವಿಯಲ್ಲಿ ಓಡತೊಡಗಿದ ಮೇಲೆ, 1985ರ ಅಕ್ಟೋಬರಿನಲ್ಲಿ, ಹಾಡು ಅಮೆರಿಕದ ಪಟ್ಟಿಯ ತುದಿಗೇರಿತು. ಮರುವರ್ಷ ಎಂಟಿವಿಯ 6 ಪ್ರಶಸ್ತಿಗಳು ಬಂದವು.

ಇಷ್ಟು ಗೆದ್ದ ಉಪಾಯವನ್ನು ಯಾರಾದರೂ ಮತ್ತೆ ಬಳಸುತ್ತಿದ್ದರು. ಆದರೆ ಅದೇ ತಂಡದ 'ದ ಸನ್ ಆಲ್ವೇಸ್ ಶೈನ್ಸ್ ಆನ್ ಟಿವಿ' ಹಾಡಿನ ವಿಡಿಯೊದ ಆರಂಭದಲ್ಲೇ ಬ್ಯಾರನ್ ಆ ಹುಡುಗನನ್ನು ಮತ್ತೆ ಗೆರೆಯಾಗಿಸಿ ಓಡಿಸಿಬಿಟ್ಟ. ಆಮೇಲೆ ಪೆನ್ಸಿಲ್ಲಿಗೆ ಕೆಲಸವಿಲ್ಲ. ಭಾರವಾದ ಆ ಹಾಡಿಗೆ ಅವನು ಹುಡುಕಿದ್ದು ಒಂದು ಚರ್ಚು, ಅದರ ತುಂಬ ಬಟ್ಟೆಯಂಗಡಿಯ ಬೊಂಬೆಗಳು.